ಊರಿನ ಛಾಯಾಚಿತ್ರ ಸ್ಪರ್ಧೆಗೆ ಯಾವ ವಿಷಯ, ಎಷ್ಟು ನಿಯಮ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಯುವಕ ಸಂಘ. ಕಳೆದ ವರ್ಷ ರಾಜ್ಯೋತ್ಸವಕ್ಕೆಂದು ಹವ್ಯಾಸಿಗಳಿಗಾಗಿ ಛಾಯಾಚಿತ್ರ ಸ್ಪರ್ಧೆ ನಡೆಸಿದೆವು. ವಿಷಯ ‘ಮಲೆನಾಡಿನ ಸೊಬಗು’. ಬಂದ ಚಿತ್ರಗಳಲ್ಲಿ ಬಹುಪಾಲು ಜೋಗ ಜಲಪಾತದವು, ಉಳಿದವು ಸೂರ್ಯಾಸ್ತದವು. ಮೊದಲ ಬಹುಮಾನ ಪಡೆದ ಚಿತ್ರದ ಆಕಾಶ ಬೇರೆ ಕಡೆಯಿಂದ ತಂದು ಅಂಟಿಸಿದ್ದು ಎಂದು ಆಮೇಲೆ ತಕರಾರು ಬಂತು. ನಮ್ಮ ನಿಯಮಗಳಲ್ಲಿ ಅದರ ಬಗ್ಗೆ ಒಂದು ಮಾತೂ ಇರಲಿಲ್ಲ. ಈ ಸಲ ಯಾವ ವಿಷಯ ಕೊಡುವುದು? ಮೊಬೈಲ್‌ಗೂ ಕ್ಯಾಮೆರಾಕ್ಕೂ ಬೇರೆ ಬೇರೆ ವಿಭಾಗ ಬೇಕೇ? ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಗಳನ್ನು ತಡೆಯುವುದು ಹೇಗೆ? ಬಂದ ಚಿತ್ರಗಳ ಹಕ್ಕೆಲ್ಲ ಸಂಘಕ್ಕೇ ಇರಲಿ ಎಂದು ಕೆಲವರು ಹೇಳುತ್ತಿದ್ದಾರೆ. ಅದು ಸರಿಯೇ?

ಉತ್ತರ: ನಿಮ್ಮ ಎರಡೂ ತೊಂದರೆಗಳ ಬೇರು ಒಂದೇ. ‘ಮಲೆನಾಡಿನ ಸೊಬಗು’ ಎಂದು ಕೇಳಿದಾಗ ಸ್ಪರ್ಧಿಗೆ ನೀವು ಮಾಡಲು ಏನೂ ಕೊಟ್ಟಿರಲಿಲ್ಲ. ಅವರು ಮೊಬೈಲ್ ತೆರೆದು, ಈ ಮೊದಲೇ ತೆಗೆದಿಟ್ಟ ಚಿತ್ರಗಳಲ್ಲಿ ಎಲ್ಲರೂ ಚೆನ್ನಾಗಿದೆ ಎಂದದ್ದನ್ನು ಆರಿಸಿ ಕಳುಹಿಸಿದರು. ಎಲ್ಲರೂ ಹಾಗೆ ಮಾಡಿದಾಗ, 253 ಮೀಟರ್ ಎತ್ತರದಿಂದ ಧುಮುಕುವ ಜೋಗವೇ ಮುಂದೆ ನಿಲ್ಲುವುದು ಸಹಜ. ಕೇಳಿದ್ದೇ ಸೊಬಗನ್ನು ಎಂದಮೇಲೆ, ಮಂಕಾದ ಆಕಾಶವನ್ನು ತೆಗೆದು ಕೆಂಪು ಆಕಾಶ ಕೂರಿಸಿದವರನ್ನು ತಪ್ಪಿತಸ್ಥರೆಂದು ಕರೆಯುವುದೂ ಕಷ್ಟ.

ಆದ್ದರಿಂದ ಮೊದಲು ವಿಷಯ ಗಟ್ಟಿಯಾಗಲಿ, ನಿಯಮ ಆಮೇಲೆ. ವಿಷಯ ಸರಿಯಾಗಿದ್ದರೆ ಎಷ್ಟೋ ನಿಯಮಗಳ ಅಗತ್ಯವೇ ಬೀಳುವುದಿಲ್ಲ. ಯಾವುದೇ ವಿಷಯ ಮುಂದೆ ಬಂದಾಗ ನಾನು ಕೇಳುವುದು ಇಷ್ಟೇ: ಇದನ್ನು ಓದಿದವರು ಚಿತ್ರಕ್ಕಾಗಿ ಎದ್ದು ಹೊರಡಬೇಕಾಗುತ್ತದೆಯೇ, ಹಳೆಯ ಚಿತ್ರಗಳನ್ನು ತಡಕಾಡಿದರೆ ಸಾಕೇ? ಪ್ರಕೃತಿ, ಬದುಕು, ಬಣ್ಣ, ನಗು, ಸಂಸ್ಕೃತಿ ಇವೆಲ್ಲ ತಡಕಾಡಿದರೆ ಸಾಕು ಎನ್ನುವ ವಿಷಯಗಳು. ಮೌನ, ಏಕಾಂತ, ಭರವಸೆ ಇಂಥವನ್ನು ಇಟ್ಟರೆ ಇನ್ನೊಂದು ಫಜೀತಿ. ಯಾವ ಚಿತ್ರಕ್ಕೂ ಆ ಹೆಸರು ಹಚ್ಚಬಹುದು. ತೀರ್ಪುಗಾರರ ಸಮಯವೆಲ್ಲ ಚಿತ್ರ ವಿಷಯಕ್ಕೆ ಹೊಂದುತ್ತದೆಯೇ ಎಂಬ ಚರ್ಚೆಯಲ್ಲೇ ಮುಗಿಯುತ್ತದೆ. ಹಾಗೆಂದು ‘ಇಕ್ಕೇರಿಯ ಅಘೋರೇಶ್ವರ ದೇವಾಲಯ’ ಎಂದು ಒಂದೇ ಸ್ಥಳಕ್ಕೆ ಕಟ್ಟಿಹಾಕಿದರೆ ಎಲ್ಲರೂ ಒಂದೇ ಕೋನದಲ್ಲಿ ನಿಂತು ತೆಗೆಯುತ್ತಾರೆ. ಶರಾವತಿ ಹಿನ್ನೀರಿನಾಚೆಯ ಹಳ್ಳಿಯ ಹುಡುಗಿಗೆ ಅಲ್ಲಿಗೆ ಬಂದು ಹೋಗುವುದೇ ಒಂದು ದಿನದ ಕೆಲಸ, ಬಸ್ ಖರ್ಚು ಬೇರೆ. ಯಾವ ಸಂಗತಿ, ಯಾವ ಕಾಲ ಎಂಬುದನ್ನು ಬಿಗಿ ಮಾಡಿ. ಯಾರು, ಎಲ್ಲಿ, ಹೇಗೆ ಎಂಬುದನ್ನು ಪೂರ್ತಿ ಸ್ಪರ್ಧಿಗೆ ಬಿಡಿ.

ನಿಮ್ಮ ತಾಲ್ಲೂಕಿಗೆ, ನಿಮ್ಮ ದಿನಾಂಕಕ್ಕೆ ನಾನು ಸೂಚಿಸುವ ವಿಷಯ ‘ಮಳೆಗಾಲದ ದುಡಿಮೆ’.

ಬಹುಮಾನ ವಿತರಣೆ ನವೆಂಬರ್ 1ಕ್ಕೆ ಎಂದರೆ ಚಿತ್ರ ತೆಗೆಯಲು ಸಿಗುವುದು ಜೂನ್‌ನಿಂದ ಸೆಪ್ಟೆಂಬರ್. ಅಡಿಕೆ ಕೊಯ್ಲು, ಸುಲಿತ, ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ರಸದಲ್ಲಿ) ಬೇಯಿಸುವುದು, ಅಟ್ಟದ ಮೇಲೆ ಹರಡುವುದು ಇವೆಲ್ಲ ಚಿತ್ರಕ್ಕೆ ಬಲು ಸೊಗಸಾದ ಸಂಗತಿಗಳು. ಆದರೆ ಅವು ಮಳೆ ಮುಗಿದ ಮೇಲಿನವು. ಅವನ್ನು ವಿಷಯವಾಗಿ ಕೊಟ್ಟರೆ ಸ್ಪರ್ಧಿಗಳು ಕಳೆದ ವರ್ಷದ ಚಿತ್ರ ಹುಡುಕುತ್ತಾರೆ, ನೀವು ಮತ್ತೆ ಹಳೆಯ ಜಾಗಕ್ಕೇ ಬಂದಿರಿ. ವಿಷಯಕ್ಕೂ ಪಂಚಾಂಗಕ್ಕೂ ಹೊಂದಾಣಿಕೆ ಇರಬೇಕು.

ಮಳೆಗಾಲದಲ್ಲಿ ಕಣ್ಣಿಗೆ ಬೀಳುವ ಕೆಲಸಗಳನ್ನು ಒಮ್ಮೆ ನೆನೆಸಿಕೊಳ್ಳಿ. ಕೊಳೆರೋಗ ಬಾರದಂತೆ ಅಡಿಕೆ ಕೊನೆಗೆ (ಗೊನೆಗೆ) ಔಷಧಿ ಹೊಡೆಯಬೇಕು. ಮಳೆ ಸ್ವಲ್ಪ ಹೊಳವಾಗುವುದನ್ನೇ ಕಾದಿದ್ದು ಮರ ಹತ್ತುವವರು, ಕೆಳಗೆ ಮೈಲುತುತ್ತ ಮತ್ತು ಸುಣ್ಣ ಕದಡಿ ಬೋರ್ಡೋ ದ್ರಾವಣ ಮಾಡುವವರು, ಪೈಪು ಎಳೆದುಕೊಡುವವರು. ಸಂಜೆಯ ಹೊತ್ತಿಗೆ ಅವರ ಕೈ, ಅಂಗಿ, ಕಾಲಿನ ಕೆಸರು ಎಲ್ಲದರ ಮೇಲೂ ನೀಲಿ ಕಲೆ. ಆ ಕೈಯನ್ನು ಹತ್ತಿರದಿಂದ ತೆಗೆದರೆ ಯಾವ ಸೂರ್ಯಾಸ್ತವೂ ಬೇಡ. ಕೊನೆಗಳು ಮಳೆಗೆ ನೆನೆಯದಂತೆ ಕೊಟ್ಟೆ (ಹೊದಿಕೆ) ಕಟ್ಟುವವರಿದ್ದಾರೆ. ಗದ್ದೆಯಲ್ಲಿ ನಾಟಿ ಇದೆ. ಕರೆಂಟು ಹೋದಾಗ ಗಾಳಿಮಳೆಯಲ್ಲೇ ಕಂಬ ಹತ್ತುವ ಲೈನ್‌ಮನ್ ಇದ್ದಾರೆ. ಪೇಟೆಯಲ್ಲಿ ಕೊಡೆ ರಿಪೇರಿ ಮಾಡುವವರು, ತಾಡಪಾಲಿನ ಕೆಳಗೆ ತರಕಾರಿ ಮಾರುವವರು, ಪತ್ರಿಕೆಯ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೈಕಲ್ ತುಳಿಯುವ ಹುಡುಗರು ಇದ್ದಾರೆ. ಮನೆಯೊಳಗೆ, ಒಣಗದ ಬಟ್ಟೆಗಳನ್ನು ಒಲೆಯ ಕಾವಿಗೆ ಹರವುವ ತಾಯಂದಿರಿದ್ದಾರೆ. ಮನೆಗೆಲಸವೂ ದುಡಿಮೆಯೇ ಎಂದು ಪ್ರಕಟಣೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಹಾಗೆ ಬರೆಯದಿದ್ದರೆ ಬರುವ ಚಿತ್ರಗಳೆಲ್ಲ ಗದ್ದೆಯವೇ ಆಗಿರುತ್ತವೆ, ಹೊರಗೆ ಓಡಾಡಲು ಅನುಕೂಲವಿಲ್ಲದ ಹೆಣ್ಣುಮಕ್ಕಳು ಸ್ಪರ್ಧೆಯಿಂದಲೇ ದೂರ ಉಳಿಯುತ್ತಾರೆ. ಇದು ನನಗೆ ಮುಖ್ಯವಾದ ಮಾತು.

ಪ್ರಕಟಣೆಯ ಒಕ್ಕಣೆ ಹೀಗಿರಲಿ: ‘ಈ ವರ್ಷದ ಜೂನ್ 1ರಿಂದ ಸೆಪ್ಟೆಂಬರ್ 30ರ ಒಳಗೆ ಸಾಗರ ತಾಲ್ಲೂಕಿನಲ್ಲಿ ತೆಗೆದ, ಮಳೆಯ ನಡುವೆ ಅಥವಾ ಮಳೆಯಿಂದಾಗಿ ನಡೆಯುವ ಯಾವುದಾದರೂ ಕೆಲಸವನ್ನು ತೋರಿಸುವ ಚಿತ್ರ. ಮನೆ, ತೋಟ, ಗದ್ದೆ, ಪೇಟೆ, ಶಾಲೆ, ಕಚೇರಿ ಎಲ್ಲಿಯದಾದರೂ ಆಗಬಹುದು. ಚಿತ್ರದ ಜೊತೆಗೆ ಯಾರು, ಎಲ್ಲಿ, ಯಾವಾಗ, ಏನು ಮಾಡುತ್ತಿದ್ದಾರೆ ಎಂದು 30 ಪದಗಳ ಒಳಗೆ ಕನ್ನಡದಲ್ಲಿ ಬರೆದು ಕಳುಹಿಸಿ.’ ಈ ಕೊನೆಯ ಸಾಲನ್ನು ಯಾವ ಕಾರಣಕ್ಕೂ ಬಿಡಬೇಡಿ. ಕೆಲಸ ಮಾಡುವವರ ಹೆಸರು ಬರೆಯಬೇಕೆಂದರೆ ಅವರನ್ನು ಮಾತನಾಡಿಸಬೇಕು. ಮಾತನಾಡಿಸಿದವರ ಚಿತ್ರ ಬೇರೆಯೇ ಆಗಿರುತ್ತದೆ, ದೂರದಿಂದ ಕದ್ದು ತೆಗೆದಂತೆ ಕಾಣುವುದಿಲ್ಲ.

ದಿನಾಂಕದ ಮಿತಿ ಎಲ್ಲ ಸ್ಪರ್ಧೆಗೂ ಸರಿಹೊಂದುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಮೇಲೆ, ಸಿಗಂದೂರಿಗೆ ಜನರನ್ನು, ವಾಹನಗಳನ್ನು ದಾಟಿಸುತ್ತಿದ್ದ ಲಾಂಚಿನ ಚಿತ್ರಗಳು ಒಂದು ಕಾಲದ ದಾಖಲೆಯಾಗಿಬಿಟ್ಟಿವೆ. ‘ಲಾಂಚಿನ ದಿನಗಳು’ ಎಂದು ವಿಷಯ ಇಟ್ಟರೆ ಹಳೆಯ ಚಿತ್ರಗಳೇ ಬೇಕು, ಮನೆಯ ಆಲ್ಬಮ್ಮುಗಳಲ್ಲಿ ಇರುವಂಥವೇ ಬೇಕು. ಆದರೆ ಅದನ್ನು ಸ್ಪರ್ಧೆ ಮಾಡಬೇಡಿ, ಪ್ರದರ್ಶನವಾಗಿ ಮಾಡಿ. ಆಲ್ಬಮ್ಮಿನ ಚಿತ್ರವನ್ನು ತೆಗೆದವರು ಯಾರೆಂದು ಎಷ್ಟೋ ಸಲ ಮನೆಯವರಿಗೇ ತಿಳಿದಿರುವುದಿಲ್ಲ. ಇನ್ನೊಬ್ಬರು ತೆಗೆದ ಚಿತ್ರಕ್ಕೆ ಮನೆಯವರು ಬಹುಮಾನ ಪಡೆಯುವುದು ಸರಿಯಾಗದು.

ಈಗ ಉಪಕರಣದ ಪ್ರಶ್ನೆ. ಮೊಬೈಲ್‌ಗೆ ಬೇರೆ ವಿಭಾಗ ಬೇಡ. ಹಕ್ಕಿಯೋ ಕಾಡುಪ್ರಾಣಿಯೋ ವಿಷಯವಾಗಿದ್ದರೆ ಉದ್ದ ಲೆನ್ಸ್ ಇದ್ದವರದೇ ಮೇಲುಗೈ ಆಗುತ್ತಿತ್ತು. ದುಡಿಮೆಯ ಚಿತ್ರಕ್ಕೆ ಬೇಕಾದದ್ದು ಹತ್ತಿರ ಹೋಗಿ ನಿಲ್ಲುವುದು, ಆ ಕೆಲಸಕ್ಕೆ ಮೊಬೈಲ್ ಚೆನ್ನಾಗಿಯೇ ಒದಗುತ್ತದೆ. ವಿಭಾಗ ಮಾಡಲೇಬೇಕೆಂದರೆ ವಯಸ್ಸಿನ ಮೇಲೆ ಮಾಡಿ: 18 ತುಂಬದವರು ಮತ್ತು ಉಳಿದವರು. ಮಕ್ಕಳ ಪ್ರವೇಶ ಪತ್ರಕ್ಕೆ ತಂದೆ ಅಥವಾ ತಾಯಿಯ ಸಹಿ ಇರಲಿ. 18 ತುಂಬದವರು ಮಾಡಿಕೊಂಡ ಒಪ್ಪಂದಕ್ಕೆ ನಮ್ಮ ಕಾನೂನಿನಲ್ಲಿ ಬಲವಿಲ್ಲ, ಚಿತ್ರ ಬಳಸಲು ಅವರ ಒಪ್ಪಿಗೆಯೊಂದೇ ಸಾಲದು. ಹವ್ಯಾಸಿ ಎಂದರೆ ಯಾರು ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿ. ಸ್ಟುಡಿಯೊ ನಡೆಸುವವರು, ಮದುವೆ ಚಿತ್ರ ತೆಗೆದು ಜೀವನ ಸಾಗಿಸುವವರು ಸ್ಪರ್ಧಿಗಳಾಗುವುದು ಬೇಡ. ಅವರಲ್ಲಿ ಒಬ್ಬರನ್ನು ತೀರ್ಪುಗಾರರಾಗಿ ಕರೆದರೆ ಅವರಿಗೂ ಗೌರವ, ನಿಮಗೂ ಅನುಕೂಲ.

ಒಬ್ಬರಿಗೆ ಮೂರು ಚಿತ್ರ ಸಾಕು. ತಾನು ತೆಗೆದ ನೂರು ಚಿತ್ರಗಳಲ್ಲಿ ಮೂರನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಬಿಡುವುದು ಛಾಯಾಗ್ರಹಣದ ದೊಡ್ಡ ಪಾಠ. ಮಿತಿ ಇಡದಿದ್ದರೆ ಆ ಕೆಲಸವನ್ನು ತೀರ್ಪುಗಾರರ ತಲೆಗೆ ಕಟ್ಟಿದಂತಾಗುತ್ತದೆ.

ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಲು ಹೇಳಬೇಡಿ. ಅಲ್ಲಿ ಚಿತ್ರ ಕುಗ್ಗುತ್ತದೆ. ಯಾವ ದಿನ, ಯಾವ ಉಪಕರಣದಿಂದ ತೆಗೆದದ್ದು ಎಂದು ಚಿತ್ರದೊಳಗೆ ದಾಖಲಾಗಿರುವ ಮಾಹಿತಿಯೂ ಅಳಿಸಿಹೋಗುತ್ತದೆ. ಪ್ರದರ್ಶನಕ್ಕೆ 12×18 ಇಂಚಿನ ಮುದ್ರಣ ಮಾಡುವುದಾದರೆ, ಇಂಚಿಗೆ 200 ಪಿಕ್ಸೆಲ್ ಎಂದು ಹಿಡಿದರೂ ಚಿತ್ರ 2400×3600 ಪಿಕ್ಸೆಲ್ ಇರಬೇಕು. ಈಗಿನ ಸಾಧಾರಣ ಮೊಬೈಲ್‌ಗಳ ಮೂಲ ಚಿತ್ರದಲ್ಲಿ ಅಷ್ಟು ಇದ್ದೇ ಇರುತ್ತದೆ, ದಾರಿಯಲ್ಲಿ ಕಳೆದುಹೋಗಬಾರದು ಅಷ್ಟೆ. ಇಮೇಲ್ ಒಳ್ಳೆಯದು. ಇಮೇಲ್ ಬಳಸದವರು ವಾಟ್ಸ್‌ಆ್ಯಪ್‌ನಲ್ಲೇ ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಚಿತ್ರ ಇದ್ದ ಹಾಗೆಯೇ ಬರುತ್ತದೆ. ಹೇಗೆ ಕಳುಹಿಸುವುದು ಎಂದು ಒಂದು ಚಿಕ್ಕ ವಿವರಣೆಯನ್ನು ಪ್ರಕಟಣೆಯಲ್ಲೇ ಕೊಡಿ.

ತಿದ್ದುಪಡಿಯ ವಿಚಾರಕ್ಕೆ ಬರೋಣ, ನಿಮಗೆ ಬಿಸಿ ತಟ್ಟಿದ್ದು ಇಲ್ಲಿಯೇ. ವಿಷಯ ದುಡಿಮೆ ಆದದ್ದರಿಂದ ನೀವು ಕೇಳುತ್ತಿರುವುದು ನಡೆದದ್ದರ ದಾಖಲೆ. ಹಾಗಾಗಿ ಗೆರೆ ಎಳೆಯುವುದು ಸುಲಭ. ಅಂಚು ಕತ್ತರಿಸಬಹುದು, ಓರೆಯನ್ನು ನೇರ ಮಾಡಬಹುದು, ಬೆಳಕು ಮತ್ತು ಬಣ್ಣವನ್ನು ಹದವಾಗಿ ಸರಿಪಡಿಸಬಹುದು, ಕಪ್ಪು ಬಿಳುಪು ಮಾಡಬಹುದು. ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ಅಳಿಸಬಾರದು, ಆಕಾಶ ಬದಲಿಸಬಾರದು, ಎರಡು ಚಿತ್ರ ಬೆಸೆಯಬಾರದು. ಪ್ರಕೃತಿ ಛಾಯಾಗ್ರಹಣಕ್ಕೆ ಛಾಯಾಗ್ರಹಣ ಕಲೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಛಾಯಾಗ್ರಾಹಕರ ಸಂಘ ಪಿಎಸ್‌ಎ ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಸೇರಿ 2014ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯ ತಿರುಳೂ ಸುಮಾರಾಗಿ ಇದೇ: ಅಂಚು ಕತ್ತರಿಸುವುದನ್ನು ಬಿಟ್ಟರೆ, ಚಿತ್ರದೊಳಗಿನ ಯಾವುದನ್ನೂ ಸೇರಿಸುವ, ತೆಗೆಯುವ, ಕದಲಿಸುವ ಹಾಗಿಲ್ಲ. ಆ ಸಂಸ್ಥೆಗಳ ಪೂರ್ತಿ ನಿಯಮಾವಳಿಯನ್ನು ಮಾತ್ರ ಇಳಿಸಿಕೊಳ್ಳಬೇಡಿ. ಅದು ಸಲೋನ್‌ಗಳಲ್ಲಿ (ಛಾಯಾಚಿತ್ರಗಳ ಸ್ಪರ್ಧಾ ಪ್ರದರ್ಶನಗಳಲ್ಲಿ) ಸ್ಪರ್ಧಿಸಿ ಆ ಸಂಸ್ಥೆಗಳ ಪದವಿ ಪಡೆಯುವವರಿಗಾಗಿ ಬರೆದದ್ದು. ಮೊದಲ ಬಾರಿ ಚಿತ್ರ ಕಳುಹಿಸುವ ಪಿಯುಸಿ ಹುಡುಗ ಅದನ್ನು ನೋಡಿಯೇ ಹಿಂದೆ ಸರಿಯುತ್ತಾನೆ.

ಒಂದು ಗೊಂದಲ ಬರುತ್ತದೆ, ಮೊದಲೇ ಬಗೆಹರಿಸಿಡಿ. ಮೊಬೈಲ್‌ಗಳು ಗುಂಡಿ ಒತ್ತಿದ ಕ್ಷಣದಲ್ಲೇ ಹಲವು ಚಿತ್ರ ತೆಗೆದು ತಾವೇ ಬೆಸೆಯುತ್ತವೆ. ಕತ್ತಲಲ್ಲಿ ತೆಗೆದ ಚಿತ್ರ ಬೆಳಗುವುದು ಹಾಗೆ. ಅದನ್ನು ತಪ್ಪೆಂದರೆ ಮೊಬೈಲ್ ಚಿತ್ರಗಳೆಲ್ಲ ಅನರ್ಹ. ಚಿತ್ರ ತೆಗೆಯುವಾಗ ಉಪಕರಣ ತಾನಾಗಿ ಮಾಡಿದ್ದಕ್ಕೆ ಅಡ್ಡಿಯಿಲ್ಲ, ತೆಗೆದ ಮೇಲೆ ಸೇರಿಸಿದ್ದು ಅಥವಾ ಅಳಿಸಿದ್ದು ಒಪ್ಪಿಗೆಯಿಲ್ಲ ಎಂದು ಬರೆದರೆ ಸಾಕು.

ನಿಯಮ ಬರೆದರೆ ಮುಗಿಯಲಿಲ್ಲ, ಪರೀಕ್ಷಿಸಬೇಕು. 2015ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಅಂತಿಮ ಸುತ್ತಿನ ಹೊಸ್ತಿಲಿಗೆ ಬಂದ ಚಿತ್ರಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಅತಿಯಾದ ತಿದ್ದುಪಡಿಯ ಕಾರಣಕ್ಕೆ ಹೊರಬಿದ್ದವು. ಅವು ವೃತ್ತಿಪರ ಸುದ್ದಿ ಛಾಯಾಗ್ರಾಹಕರ ಚಿತ್ರಗಳು, ನಿಯಮ ಬರೆಹದಲ್ಲಿ ಇದ್ದೇ ಇತ್ತು. ಮೂಲ ಫೈಲುಗಳನ್ನು ತರಿಸಿ ನೋಡಿದ್ದರಿಂದಲೇ ಅದು ಬೆಳಕಿಗೆ ಬಂತು. ನೀವು ಬಂದ ಎಲ್ಲ ಚಿತ್ರಗಳನ್ನು ಪರೀಕ್ಷಿಸುತ್ತ ಕೂರಬೇಕಾಗಿಲ್ಲ. ಕೊನೆಯ ಸುತ್ತಿಗೆ ಉಳಿದ ಹತ್ತು ಹನ್ನೆರಡು ಚಿತ್ರಗಳಿಗೆ ಮಾತ್ರ ಮೂಲ ಫೈಲು ಕೇಳಿ. ಅದರ ಜೊತೆಗೆ, ಅದೇ ಹೊತ್ತಿನಲ್ಲಿ ಹಿಂದೆ ಮುಂದೆ ತೆಗೆದ ಒಂದೆರಡು ಚಿತ್ರಗಳನ್ನೂ ಕೇಳಿ. ಒಂದು ಸಂಗತಿಯನ್ನು ಮನಸ್ಸಿಟ್ಟು ತೆಗೆಯುವವರು ಒಂದೇ ಚಿತ್ರಕ್ಕೆ ನಿಲ್ಲಿಸುವುದು ಅಪರೂಪ.

ಇದು ಎಷ್ಟು ಉಪಯುಕ್ತ ಎಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2017ರಲ್ಲಿ ಬ್ರೆಜಿಲ್‌ನ ಒಂದು ಚಿತ್ರಕ್ಕೆ ಬಹುಮಾನ ಬಂದಿತ್ತು: ರಾತ್ರಿಯಲ್ಲಿ ಮಿನುಗುವ ಗೆದ್ದಲ ಹುತ್ತ, ಅದರತ್ತ ಬರುತ್ತಿರುವ ಇರುವೆಭಕ್ಷಕ. ಆ ಪ್ರಾಣಿ, ಚಿತ್ರ ತೆಗೆದ ರಾಷ್ಟ್ರೀಯ ಉದ್ಯಾನದ ಸಂದರ್ಶಕರ ಕೇಂದ್ರದಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದ, ಒಳಗೆ ಹುಲ್ಲು ತುಂಬಿದಂಥ ಸತ್ತ ಪ್ರಾಣಿಯನ್ನೇ ಹೋಲುತ್ತದೆ ಎಂದು ದೂರು ಬಂತು. ತಜ್ಞರು ಎರಡನ್ನೂ ಹೋಲಿಸಿ ನೋಡಿದರು; ಮೈಮೇಲಿನ ಗುರುತುಗಳು, ಕೂದಲ ಗುಚ್ಛಗಳು, ನಿಂತ ಭಂಗಿ ಎಲ್ಲ ತಾಳೆಯಾದವು. ಛಾಯಾಗ್ರಾಹಕರು ಆರೋಪವನ್ನು ಅಲ್ಲಗಳೆದರು. ಆದರೆ ಆ ಪ್ರಾಣಿ ಇರುವ ಮತ್ತೊಂದು ಚಿತ್ರವನ್ನು ಅವರು ಒದಗಿಸಲಾಗಲಿಲ್ಲ. 2018ರಲ್ಲಿ ಬಹುಮಾನವನ್ನು ಹಿಂಪಡೆಯಲಾಯಿತು. ಅಕ್ಕಪಕ್ಕದ ಚಿತ್ರಗಳನ್ನು ಮೊದಲೇ ಕೇಳಿಟ್ಟುಕೊಂಡರೆ ಇಂಥ ಸಂದೇಹ ಬಹುಮಾನ ಕೊಡುವುದಕ್ಕೆ ಮುಂಚೆಯೇ ತಿಳಿಯಾಗುತ್ತದೆ.

ಕೃತಕ ಬುದ್ಧಿಮತ್ತೆಯ ಚಿತ್ರಗಳಿಗೂ ಇದೇ ದಾರಿ. ಕಣ್ಣಿನಿಂದಲೇ ಗುರುತಿಸುತ್ತೇವೆ ಎಂಬ ಧೈರ್ಯ ಬೇಡ. 2023ರ ಸೋನಿ ವರ್ಲ್ಡ್ ಫೋಟೋಗ್ರಫಿ ಪ್ರಶಸ್ತಿಗಳಲ್ಲಿ ಒಂದು ವಿಭಾಗ ಗೆದ್ದ ಚಿತ್ರ ಯಂತ್ರ ಸೃಷ್ಟಿಸಿದ್ದು. ಕಳುಹಿಸಿದ ಜರ್ಮನ್ ಕಲಾವಿದ ಬೋರಿಸ್ ಎಲ್ಡಾಗ್ಸನ್ ಅದನ್ನು ತಾವೇ ಹೇಳಿ ಪ್ರಶಸ್ತಿ ನಿರಾಕರಿಸಿದರು. ಮರುವರ್ಷ ಇದರ ತಿರುವುಮುರುವು ನಡೆಯಿತು. ಇನ್ನೊಂದು ಅಂತರರಾಷ್ಟ್ರೀಯ ಸ್ಪರ್ಧೆಯ ಕೃತಕ ಬುದ್ಧಿಮತ್ತೆಯ ವಿಭಾಗದಲ್ಲಿ ಒಬ್ಬರು ನಿಜವಾದ ರಾಜಹಂಸದ ಚಿತ್ರವನ್ನೇ ಕಳುಹಿಸಿ ಬಹುಮಾನ ಗಳಿಸಿದರು. ನಿಜಸ್ಥಿತಿ ತಿಳಿಸಿದ ಮೇಲೆ ಅನರ್ಹರಾದರು. ಅನುಭವಿ ತೀರ್ಪುಗಾರರ ಕಣ್ಣೂ ಎರಡೂ ಕಡೆಗೆ ತಪ್ಪಬಹುದು ಎಂದಾಯಿತು. ಪತ್ತೆಹಚ್ಚುವ ಆ್ಯಪ್‌ಗಳ ಮಾತಿನ ಮೇಲೆ ಯಾರನ್ನೂ ಅನರ್ಹಗೊಳಿಸಬೇಡಿ. ಅವು ನಿಜವಾದ ಚಿತ್ರವನ್ನು ನಕಲಿ ಎನ್ನುವುದುಂಟು. ಊರಿನಲ್ಲಿ ಒಬ್ಬರ ಮೇಲೆ ಕಳ್ಳತನದ ಮಾತು ಬಂದರೆ ಅದು ಸುಲಭಕ್ಕೆ ಅಳಿಯುವುದಿಲ್ಲ.

ಮೂಲ ಫೈಲು, ಅಕ್ಕಪಕ್ಕದ ಚಿತ್ರ ಇವೆರಡರ ಜೊತೆಗೆ ಇನ್ನೊಂದು ಕೆಲಸ ಮಾಡಿ: ಕೊನೆಯ ಸುತ್ತಿನವರಿಗೆ ಫೋನ್ ಮಾಡಿ ಐದು ನಿಮಿಷ ಮಾತನಾಡಿ. ಚಿತ್ರದಲ್ಲಿರುವವರು ಯಾರು, ಅವರ ತೋಟ ಯಾವ ಊರಿನಲ್ಲಿ, ಆ ಹೊತ್ತಿಗೆ ಮಳೆ ಇತ್ತೇ ಎಂದು ಕೇಳಿ. ತೆಗೆದವರು ನಿಲ್ಲಿಸದೆ ಹೇಳುತ್ತಾರೆ. ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಇಲ್ಲದ ಈ ಅನುಕೂಲ ತಾಲ್ಲೂಕಿನ ಸ್ಪರ್ಧೆಗೆ ಇದೆ. ಹೆಸರು, ಊರು ಇರುವ ನಿಜವಾದ ಮನುಷ್ಯರ ಕೆಲಸವನ್ನು ಕೇಳಿದ ಸ್ಪರ್ಧೆಗೆ ಯಂತ್ರದ ಚಿತ್ರ ಬರುವುದೇ ಕಡಿಮೆ. ಫಲಿತಾಂಶ ಪ್ರಕಟಿಸಿದ ಮೇಲೆ ಬಹುಮಾನ ಕೊಡುವ ಮುನ್ನ ಒಂದು ವಾರ ಆಕ್ಷೇಪಕ್ಕೆ ಬಿಡಿ. ಆಕ್ಷೇಪ ಲಿಖಿತವಾಗಿರಲಿ, ಹೆಸರು ಹಾಕಿ ಕೊಡಲಿ.

ಹಕ್ಕಿನ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಬಂದ ಚಿತ್ರಗಳೆಲ್ಲ ಸಂಘದ ಸ್ವತ್ತು ಎಂದು ಬರೆಯಬೇಡಿ. ಅದು ಅನ್ಯಾಯ, ಕಾನೂನಿನ ಎದುರು ನಿಲ್ಲುವುದೂ ಕಷ್ಟ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರು. ನೌಕರಿಯ ಭಾಗವಾಗಿ ತೆಗೆದದ್ದು, ಹಣ ಕೊಟ್ಟು ತೆಗೆಸಿದ್ದು ಇಂಥ ಸಂದರ್ಭ ಬಿಟ್ಟರೆ ಮೊದಲ ಒಡೆತನವೂ ಅವರದೇ. ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ 19ನೇ ಸೆಕ್ಷನ್ ಪ್ರಕಾರ ಲಿಖಿತ ಪತ್ರ ಬೇಕು, ಸಹಿ ಬೇಕು. ಅವಧಿ ಹೇಳದಿದ್ದರೆ ಐದು ವರ್ಷ ಎಂದು, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಎಂದು ಕಾಯ್ದೆಯೇ ಅರ್ಥ ಮಾಡಿಕೊಳ್ಳುತ್ತದೆ. ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಅಚ್ಚು ಹಾಕಿಸಿದ ಮಾತ್ರಕ್ಕೆ ಹಕ್ಕು ಕೈ ಬದಲಾಗುವುದಿಲ್ಲ. ಹಕ್ಕು ಕೊಟ್ಟ ಮೇಲೂ ಕೃತಿ ತನ್ನದು ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಸೆಕ್ಷನ್ ಕರ್ತೃವಿಗೇ ಉಳಿಸಿದೆ. ನಿಮಗೆ ನಿಜವಾಗಿ ಬೇಕಾದದ್ದು ಬಳಕೆಯ ಅನುಮತಿ. ಪ್ರವೇಶ ಪತ್ರದಲ್ಲಿ ಹೀಗೆ ಬರೆಯಿರಿ: ‘ಚಿತ್ರದ ಹಕ್ಕು ಸ್ಪರ್ಧಿಯದೇ. ಈ ಸ್ಪರ್ಧೆಯ ಪ್ರದರ್ಶನ, ವರದಿ ಮತ್ತು ಪ್ರಚಾರಕ್ಕಾಗಿ ಎರಡು ವರ್ಷದ ಮಟ್ಟಿಗೆ, ಸ್ಪರ್ಧಿಯ ಹೆಸರಿನೊಂದಿಗೆ, ಚಿತ್ರವನ್ನು ಬಳಸಲು ಸಂಘಕ್ಕೆ ಅನುಮತಿ ನೀಡಿದ್ದೇನೆ. ಮಾರಾಟಕ್ಕೆ, ಜಾಹೀರಾತಿಗೆ ಬಳಸುವುದಾದರೆ ಬೇರೆಯಾಗಿ ಕೇಳತಕ್ಕದ್ದು.’ ಕೆಳಗೆ ಸಹಿ. ಕ್ಯಾಲೆಂಡರ್ ಮಾಡಿ ಮಾರುವ ಆಲೋಚನೆ ಇದ್ದರೆ ಮೊದಲೇ ತಿಳಿಸಿ, ಚಿತ್ರ ತೆಗೆದವರಿಗೆ ಅದರಲ್ಲಿ ಪಾಲು ಕೊಡಿ.

ಚಿತ್ರದಲ್ಲಿ ಕಾಣುವವರ ಮಾನವೂ ನಿಮ್ಮ ಹೊಣೆ. ಗುರುತು ಸಿಗುವಂತೆ ಮುಖ ಕಂಡರೆ ಅವರ ಒಪ್ಪಿಗೆ ಪಡೆದಿರಬೇಕು, ಮಕ್ಕಳಾದರೆ ಮನೆಯವರ ಒಪ್ಪಿಗೆ. ಕೆಸರಿನಲ್ಲಿ ಸೀರೆ ಎತ್ತಿ ಕಟ್ಟಿ ನಾಟಿ ಮಾಡುವ ಹೆಂಗಸರನ್ನು ಅವರಿಗೆ ಮುಜುಗರವಾಗುವಂತೆ ತೆಗೆದ ಚಿತ್ರವನ್ನು ತಿರಸ್ಕರಿಸುವ ಅಧಿಕಾರ ನಿಮ್ಮಲ್ಲಿ ಇರಲಿ, ಅದನ್ನು ಬಳಸಲು ಹಿಂಜರಿಯಬೇಡಿ. ಚಿತ್ರಕ್ಕಾಗಿ ಯಾರನ್ನೂ ಮತ್ತೆ ಮರ ಹತ್ತಿಸಬಾರದು, ಕಂಬ ಹತ್ತಿಸಬಾರದು. ಪ್ರವೇಶ ನಿಷೇಧಿಸಿದ ಹೊಳೆದಂಡೆ, ಜಲಪಾತದ ಅಂಚುಗಳಲ್ಲಿ ತೆಗೆದದ್ದು ಬೇಡ. ಮುಂದೆ ಯಾವಾಗಲಾದರೂ ಹಕ್ಕಿಗಳನ್ನು ವಿಷಯವಾಗಿ ಇಟ್ಟರೆ ಗೂಡಿನ ಚಿತ್ರಗಳನ್ನು ಕಡ್ಡಾಯವಾಗಿ ಹೊರಗಿಡಿ. ಜನ ಸುಳಿದಾಡಿದರೆ ತಾಯಿ ಹಕ್ಕಿ ಗೂಡು ಬಿಟ್ಟುಹೋಗಬಹುದು, ಎಲೆ ಸರಿಸಿದರೆ ಕಾಗೆಗೂ ದಾರಿ ತೋರಿಸಿದಂತೆ.

ತೀರ್ಪುಗಾರರು ಮೂವರಿರಲಿ. ಒಬ್ಬರು ಛಾಯಾಗ್ರಹಣ ಬಲ್ಲವರು, ಒಬ್ಬರು ಚಿತ್ರಕಲೆಯನ್ನೋ ಪತ್ರಿಕೋದ್ಯಮವನ್ನೋ ಬಲ್ಲವರು, ಮೂರನೆಯವರು ತೋಟದಲ್ಲಿ ದುಡಿದವರು. ಮೂರನೆಯವರನ್ನು ಅಲಂಕಾರಕ್ಕೆ ಕರೆಯುವುದಲ್ಲ. ಕ್ಯಾಮೆರಾಕ್ಕಾಗಿ ಪೈಪು ಹಿಡಿದು ನಿಂತವರು ಯಾರು, ನಿಜವಾಗಿ ಔಷಧಿ ಹೊಡೆಯುತ್ತಿದ್ದವರು ಯಾರು ಎಂದು ಮೊದಲ ನೋಟಕ್ಕೇ ಹೇಳಬಲ್ಲವರು ಅವರೇ. ಚಿತ್ರಗಳಿಗೆ ಹೆಸರು ತೆಗೆದು ಸಂಖ್ಯೆ ಕೊಡಿ. ಸಂಘದ ಪದಾಧಿಕಾರಿಗಳು, ತೀರ್ಪುಗಾರರು, ಅವರ ಮನೆಯವರು ಸ್ಪರ್ಧಿಸುವುದು ಬೇಡ. ಫೇಸ್‌ಬುಕ್ಕಿನ ಮೆಚ್ಚುಗೆ ಎಣಿಸಿ ಬಹುಮಾನ ಕೊಡುವುದಂತೂ ಬೇಡವೇ ಬೇಡ. ಅಲ್ಲಿ ಗೆಲ್ಲುವುದು ಬಳಗ ದೊಡ್ಡದಿದ್ದವರು. ಬಹುಮಾನ ಪಡೆದ ಪ್ರತಿ ಚಿತ್ರಕ್ಕೂ ಯಾಕೆ ಆರಿಸಿದೆವು ಎಂದು ತೀರ್ಪುಗಾರರಿಂದ ಎರಡು ಸಾಲು ಬರೆಸಿ, ಚಿತ್ರದ ಪಕ್ಕದಲ್ಲೇ ತೂಗುಹಾಕಿ. ಬಹುಮಾನ ಬಾರದವರೂ ನಿಂತು ಓದುತ್ತಾರೆ.

ಪ್ರವೇಶ ಶುಲ್ಕ ಇಡಬೇಡಿ. ಹಣ ಹೊಂದಿಸುವುದು ಕಷ್ಟವಾದರೆ ನಗದು ಬಹುಮಾನವನ್ನು ಇಳಿಸಿ, ಮುದ್ರಣಕ್ಕೆ ಹೆಚ್ಚು ಇಡಿ. ಆಯ್ಕೆಯಾದ ಮೂವತ್ತು ಚಿತ್ರಗಳನ್ನಾದರೂ ದೊಡ್ಡದಾಗಿ ಮುದ್ರಿಸಿ, ಸಭಾಭವನದ ಜೊತೆಗೆ ಬಸ್ ನಿಲ್ದಾಣದಲ್ಲೋ ಸಂತೆಯ ಬಳಿಯೋ ಒಂದು ವಾರ ಇಡುವ ಅನುಮತಿ ಪಡೆಯಿರಿ. ಮುದ್ರಿಸುವಾಗ ಚಿತ್ರದಲ್ಲಿ ಇರುವವರಿಗೂ ಒಂದೊಂದು ಸಣ್ಣ ಪ್ರತಿ ಹಾಕಿಸಿ, ಅದನ್ನು ಅವರ ಮನೆಗೆ ತಲುಪಿಸುವ ಕೆಲಸವನ್ನು ಚಿತ್ರ ತೆಗೆದವರಿಗೇ ವಹಿಸಿ.